ಕಾವಿಗೆ ಕೂತ ಹೇಟೆ

ಉಡುಪಿಯ ಕಡೆಯ ಶಂಕರಪುರದ ಹಿತ್ತಿಲುಗಳಲ್ಲಿ ಬೆಳಕು ಹರಿಯುವ ಮುನ್ನವೇ ಕೆಲಸ ಮೊದಲಾಗುವುದು. ಮೊಗ್ಗು ಬಿರಿಯುವ ಮೊದಲೇ ಮಲ್ಲಿಗೆಯನ್ನು ಕೊಯ್ದು, ಬಾಳೆಯ ನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ವ್ಯಾಪಾರಿಗೆ ಒಪ್ಪಿಸುವ ಅವಸರದ ನಡುವೆಯೂ ಮನೆಯ ಹೆಂಗಸರ ಒಂದು ಕಣ್ಣು ಅಂಗಳದ ಕೋಳಿಗಳ ಮೇಲೆ ಇದ್ದೇ ಇರುವುದು. ಗೂಡಿನ ಬಾಗಿಲು ತೆರೆದೊಡನೆ ಹೊರಗೆ ಧಾವಿಸಬೇಕಾಗಿದ್ದ ಹೇಟೆಯೊಂದು ಚೆಲ್ಲಿದ ನುಚ್ಚಿಗೂ ಬಾರದೆ, ಮೂಲೆಯಲ್ಲಿ ಚಪ್ಪಟೆಯಾಗಿ ಹರಡಿಕೊಂಡು, ಕೈ ಸಮೀಪಿಸಿದರೆ ಗರಿ ಕೆದರಿ ಗುರುಗುಟ್ಟಿ ಕುಟುಕಲು ಬಂದಿತೆಂದರೆ, ಅದು ಕಾವಿಗೆ ಕೂತಿದೆಯೆಂಬುದನ್ನು ಆ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾದುದಿಲ್ಲ. ಅದರ ಎದೆಯ ಕೆಳಗೆ ಕೈಯಿಟ್ಟು ನೋಡಿದರೆ ಪುಕ್ಕ ಉದುರಿ ಬರಿದಾದ ಚರ್ಮವು ಜ್ವರ ಬಂದವರ ಹಣೆಯಂತೆ ಬೆಚ್ಚಗೆ ತಾಗುವುದು.

ಇದು ರೋಗವೂ ಅಲ್ಲ, ಸೋಮಾರಿತನವೂ ಅಲ್ಲ. ನಾಟಿ ಹೇಟೆಯು 10ರಿಂದ 15 ಮೊಟ್ಟೆಗಳನ್ನಿಟ್ಟು ಮುಗಿಸುವ ಹೊತ್ತಿಗೆ ಅದರ ಮಿದುಳಿನ ಬುಡದ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ರಸ ಹೆಚ್ಚಾಗಿ ಸ್ರವಿಸತೊಡಗಿ, ಮೊಟ್ಟೆಯಿಡುವ ಪ್ರವೃತ್ತಿಯನ್ನು ಅಡಗಿಸಿ, ಮಾತೃಪ್ರವೃತ್ತಿಯನ್ನು ಎಚ್ಚರಿಸುವುದು. ಕುಕ್ಕುಟಸಾಕಣೆಯನ್ನು ಉದ್ಯಮವನ್ನಾಗಿ ಮಾಡಿದವರಿಗೆ ಈ ಪ್ರವೃತ್ತಿಯು ಬೇಡವಾಯಿತು; ಕೂತ ಕೋಳಿ ಮೊಟ್ಟೆಯಿಡದಷ್ಟೆ. ಆದಕಾರಣ ತಲೆಮಾರುಗಳ ಆಯ್ಕೆಯಿಂದ ವೈಟ್ ಲೆಗಾರ್ನ್‌ನಂತಹ ತಳಿಗಳಲ್ಲಿ ಅದನ್ನು ಬಹುಮಟ್ಟಿಗೆ ಅಳಿಸಿಹಾಕಲಾಯಿತು. ಬೆಂಗಳೂರಿನಲ್ಲಿ ರೂಪುಗೊಂಡು ನಮ್ಮ ಹಳ್ಳಿಗಳಿಗೆಲ್ಲ ಹಬ್ಬಿದ ಗಿರಿರಾಜವೂ ಬೇಗ ಬೆಳೆಯುವುದು, ದೊಡ್ಡ ಮೊಟ್ಟೆಯನ್ನೂ ಇಡುವುದು. ಆದರೆ ಕಾವಿಗೆ ಕೂರದು. ಅದರ ಮರಿಗಾಗಿ ಪ್ರತಿ ಸಲವೂ ಕಾವಿನ ಯಂತ್ರವಿರುವಲ್ಲಿಗೇ ಹೋಗಬೇಕು. ಕೃತಕ ಕಾವು ಹೊಸತೇನೂ ಅಲ್ಲ: ಈಜಿಪ್ಟಿನವರು ಮಣ್ಣಿನ ದೊಡ್ಡ ಗೂಡೊಲೆಗಳಲ್ಲಿ ಬಹು ಪ್ರಾಚೀನ ಕಾಲದಿಂದಲೇ ಮರಿ ಮಾಡಿಸುತ್ತಿದ್ದರು, ಫ್ರಾನ್ಸಿನ ವಿಜ್ಞಾನಿ ರಿಯೊಮ್ಯೂರನು 1749ರಲ್ಲಿ ಅದರ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದನು. ಇಂದಿನ ಯಂತ್ರವು 37.5 ಡಿಗ್ರಿ ಸೆಲ್ಸಿಯಸಿನ ಉಷ್ಣತೆಯನ್ನೂ ಗಾಳಿಯ ತೇವವನ್ನೂ ಅಳತೆಗೆ ತಪ್ಪದಂತೆ ಕಾಯುವುದು ನಿಜ. ಆದರೆ ಅದಕ್ಕೆ ವಿದ್ಯುತ್ತು ಬೇಕು, ಮೊಟ್ಟೆ ಮಗುಚುವ ವ್ಯವಸ್ಥೆ ಬೇಕು, ಹುಟ್ಟಿದ ಮರಿಗೆ ಬೇರೆ ದೀಪದ ಶಾಖ ಬೇಕು. ಇವೆಲ್ಲವನ್ನೂ ಒಂದು ಹಿಡಿ ನುಚ್ಚಿಗೆ ನಡೆಸಿಕೊಡುವ ಹೇಟೆಯು ಅಂಗಳದಲ್ಲಿರುವಾಗ, ನಾಲ್ಕಾರು ಕೋಳಿ ಸಾಕುವ ಮನೆಗೆ ಯಂತ್ರದ ಹಂಗೇಕೆ?

ಮನುಷ್ಯನು ಮಾಡಬೇಕಾದುದು ಏನಿದ್ದರೂ ಮೊದಲ ದಿನಕ್ಕಿಂತ ಮುಂಚೆ ಮತ್ತು 21ನೆಯ ದಿನದ ಬಳಿಕ. ನಡುವಿನ ಕಾಲವು ಹೇಟೆಯದು.

ಮುಂಚಿನ ಕೆಲಸಗಳಲ್ಲಿ ಮುಖ್ಯವಾದುದು ಮೊಟ್ಟೆಯ ಆಯ್ಕೆ. ಹುಂಜನಿಲ್ಲದ ಫಾರಂಗಳಿಂದ ಅಂಗಡಿಗೆ ಬರುವ ಮೊಟ್ಟೆಯನ್ನು ಎಷ್ಟು ಕಾಲ ಕಾವಿಗಿಟ್ಟರೂ ಅದು ಮರಿಯಾಗದು. ಮನೆಯ ಹುಂಜನು ದೈವಕ್ಕೋ ನೆಂಟರ ಕೋರಿ ರೊಟ್ಟಿಗೋ ಸಂದುಹೋಗಿದ್ದರೂ ನಿರಾಶರಾಗಬೇಕಾದುದಿಲ್ಲ. ಹೇಟೆಯ ಒಡಲಿನಲ್ಲಿ ಬೀಜವು ಉಳಿದಿರುವುದರಿಂದ ಮುಂದಿನ ಒಂದು ವಾರದ ಮೊಟ್ಟೆಗಳು ಸಾಮಾನ್ಯವಾಗಿ ಫಲವಂತವಾಗಿಯೇ ಇರುವುವು. ಒಂದು ವಾರಕ್ಕಿಂತ ಹಳೆಯದಲ್ಲದ, ಬಿರುಕಿಲ್ಲದ, ಅತಿ ದೊಡ್ಡದೂ ಅತಿ ಚಿಕ್ಕದೂ ಅಲ್ಲದ ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗಿ ತಂಪಾದ ಎಡೆಯಲ್ಲಿ ಕೂಡಿಸಿಡಬೇಕು. ಕೊಳೆ ತಾಗಿದೆಯೆಂದು ತೊಳೆಯಬಾರದು; ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳನ್ನು ಮುಚ್ಚಿರುವ ನೈಸರ್ಗಿಕ ಲೇಪವು ತೊಳೆದರೆ ಹೋಗುವುದು, ಒಡನೆಯೇ ಒಳಗೆ ಕೊಳೆ ನುಗ್ಗುವುದು. ನಾಟಿ ಹೇಟೆಯ ಒಡಲಿಗೆ 10 ಅಥವಾ 12 ಮೊಟ್ಟೆ ಸಾಕು. ಆಸೆಪಟ್ಟು 18 ಇಟ್ಟರೆ ಅಂಚಿನವು ಸರದಿಯಂತೆ ತಣ್ಣಗಾಗಿ, ಹೇಟೆಯು ಅವನ್ನು ನಡುವಿಗೆ ಎಳೆದುಕೊಂಡಂತೆಲ್ಲ ಬೇರೆಯವು ಅಂಚಿಗೆ ಸರಿದು, ಕೊನೆಗೆ ಎಲ್ಲವೂ ಕೆಡುವುವು.

ಕಾವಿನ ಬುಟ್ಟಿಗೆ ನಮ್ಮ ಕಡೆಯ ಹಳೆಯ ಹೆಡಿಗೆಗಿಂತ ಮಿಗಿಲಾದುದನ್ನು ನಾನು ಕಂಡಿಲ್ಲ. ಕೊರಗ ಸಮುದಾಯದ ಕುಶಲಿಗಳು ಕಾಡುಬಳ್ಳಿಯಿಂದ ಹೆಣೆಯುವ ಹೆಡಿಗೆಯಲ್ಲಿ ಗಾಳಿಯಾಡುವುದು, ಬೆವರು ನಿಲ್ಲದು. ತಳಕ್ಕೆ ಒಣ ಮಣ್ಣನ್ನೂ ಒಲೆಯ ಬೂದಿಯನ್ನೂ ಹಾಸಿ, ಮೇಲೆ ಬೈಹುಲ್ಲನ್ನು ಬಟ್ಟಲಿನಂತೆ ತಗ್ಗಿಸಿ, ನಡುವೆ ನೆಕ್ಕಿಯ ಅಥವಾ ಬೇವಿನ ಸೊಪ್ಪನ್ನಿಟ್ಟರೆ ಪೇನಿನ ಕಾಟ ಕಡಮೆಯಾಗುವುದು. ಈ ಪೇನೇ ಕಾವಿನ ಪರಮಶತ್ರು: ರಾತ್ರಿಯೆಲ್ಲ ರಕ್ತ ಹೀರಿಸಿಕೊಂಡ ಹೇಟೆಯು ಸಹಿಸಲಾರದೆ ಒಂದು ದಿನ ಎದ್ದುಹೋದರೆ ತಪ್ಪು ಅದರದಲ್ಲ. ಬೇರೆ ಕೋಳಿಗಳು ಬಾರದ, ಮಳೆಯ ಎರಚಲು ತಾಗದ, ಅರೆಗತ್ತಲೆಯ ಮೂಲೆಗೆ ಹೇಟೆಯನ್ನು ಸ್ಥಳಾಂತರಿಸುವುದಿದ್ದರೆ ರಾತ್ರಿಯ ಹೊತ್ತೇ ಯೋಗ್ಯ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣದು, ಪ್ರತಿಭಟನೆಯೂ ಇರದು. ಮೊದಲೆರಡು ದಿನ ಎರಡು ಹಳೆಯ ಮೊಟ್ಟೆಗಳ ಮೇಲೆ ಕೂರಿಸಿ, ಅದು ಹೊಸ ಜಾಗಕ್ಕೆ ಒಗ್ಗಿದ ಮೇಲೆ, ನಿಜವಾದ ಮೊಟ್ಟೆಗಳನ್ನು ಇದ್ದಿಲಿನ ಗುರುತು ಹಾಕಿ ಎಲ್ಲವನ್ನೂ ಒಂದೇ ರಾತ್ರಿ ಅಡಿಗಿಡಬೇಕು. ಗುರುತಿಲ್ಲದ ಮೊಟ್ಟೆ ಮರುದಿನ ಕಂಡರೆ ಅದು ಬೇರೆ ಕೋಳಿ ಬಂದು ಇಟ್ಟುದು, ತೆಗೆದುಬಿಡತಕ್ಕದ್ದು.

ಆಮೇಲೆ ಸುಮ್ಮನಿರಬೇಕು. ಎಲ್ಲಕ್ಕಿಂತ ಕಠಿಣವಾದುದು ಇದೇ. ಹೇಟೆಯು ದಿನಕ್ಕೊಮ್ಮೆ ಅರ್ಧ ಗಳಿಗೆಯೋ ಒಂದು ಗಳಿಗೆಯೋ ಎದ್ದುಬಂದು, ಕಾಳು ತಿಂದು, ನೀರು ಕುಡಿದು, ದೊಡ್ಡದಾದ ದುರ್ಗಂಧದ ಹಿಕ್ಕೆಯನ್ನು ದೂರದಲ್ಲಿ ಹಾಕಿ, ಧೂಳಿನಲ್ಲಿ ಹೊರಳಿ ಮರಳುವುದು. ಅಷ್ಟರ ತಂಪಿನಿಂದ ಮೊಟ್ಟೆಗೆ ಹಾನಿಯಿಲ್ಲ. ಸುಮಾರು 41 ಡಿಗ್ರಿ ಉಷ್ಣತೆಯ ತನ್ನ ಒಡಲನ್ನು ಚಿಪ್ಪಿಗೆ ತಾಗಿಸಿ, ಹಗಲೂ ಇರುಳೂ ಅನೇಕ ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಮಗುಚಿ, ಭ್ರೂಣವು ಚಿಪ್ಪಿಗೆ ಅಂಟದಂತೆ ಅದು ಕಾಯುವ ಪರಿಯನ್ನು ಕಂಡರೆ ನಮ್ಮ ನೆರವು ಅಲ್ಲಿ ಅನಾವಶ್ಯಕವೆಂಬುದು ಸ್ಪಷ್ಟವಾಗುವುದು. ಗುಡುಗಿಗೆ ಮೊಟ್ಟೆ ಕೆಡುವುದೆಂದು ಹಿರಿಯರು ಬುಟ್ಟಿಯಲ್ಲಿ ಕಬ್ಬಿಣದ ಚೂರನ್ನೋ ಇದ್ದಿಲನ್ನೋ ಇಡುವುದುಂಟು. ಕೆಡಿಸುವುದು ಗುಡುಗಿನ ಸದ್ದಲ್ಲ. ಬೆದರಿದ ಹೇಟೆ ಎದ್ದುಹೋಗುವುದು ಮತ್ತು ಸುರಿಮಳೆಯ ತೇವ. ಭದ್ರವಾದ ಮೂಲೆಯಿದ್ದರೆ ಕಬ್ಬಿಣವಿಲ್ಲದೆಯೂ ಮರಿಯಾಗುವುದು, ಇಟ್ಟರೂ ಬಾಧಕವಿಲ್ಲ.

7ನೆಯ ರಾತ್ರಿ ಒಮ್ಮೆ ಮಾತ್ರ ಮೊಟ್ಟೆಗಳನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಬಹುದು. ಜೇಡನ ಬಲೆಯಂತೆ ಕೆಂಪು ನರಗಳು ಹರಡಿದ್ದರೆ ಒಳಗೆ ಜೀವವಿದೆ. ತಿಳಿಯಾಗಿ ಕಂಡುದು ಗೊಡ್ಡು. ಗೊಡ್ಡು ಮೊಟ್ಟೆಯನ್ನು ಹಾಗೆಯೇ ಬಿಟ್ಟರೆ ಅದು ಕೊಳೆತು ಒಡೆದು ನೆರೆಯ ಮೊಟ್ಟೆಗಳನ್ನೂ ಕೆಡಿಸೀತು.

18ನೆಯ ದಿನದಿಂದ ಮುಟ್ಟಲೇಬಾರದು. ಚಿಪ್ಪಿನೊಳಗಣ ಮರಿಯು ಅಗಲ ತುದಿಯ ಗಾಳಿಕೋಣೆಗೆ ಕೊಕ್ಕು ಚಾಚಿ ಮೊದಲ ಉಸಿರೆಳೆದು ಚಿಂವ್‌ಗುಟ್ಟುವುದು. ಹೇಟೆಯು ಮೆಲುದನಿಯಲ್ಲಿ ಉತ್ತರ ಕೊಡುವುದು. ಹುಟ್ಟುವ ಮುನ್ನವೇ ನಡೆಯುವ ಈ ತಾಯಿಮಕ್ಕಳ ಸಂಭಾಷಣೆಯನ್ನು ಕಿವಿಗೊಟ್ಟು ಕೇಳಿದವನಿಗೆ ಕೋಳಿಯು ಬುದ್ಧಿಯಿಲ್ಲದ ಪ್ರಾಣಿಯೆಂಬ ಮಾತು ಒಪ್ಪಿಗೆಯಾಗದು. ಬಾಲ್ಯದಲ್ಲಿ ಒಮ್ಮೆ, ಬಿರುಕು ಬಿಟ್ಟು ಅರ್ಧ ದಿನವಾದರೂ ಹೊರಬಾರದ ಮರಿಯ ಮೇಲೆ ಕನಿಕರಗೊಂಡು ಚಿಪ್ಪನ್ನು ಉಗುರಿನಿಂದ ಸುಲಿದೆನು. ಒಳಪೊರೆಯಿಂದ ರಕ್ತ ಒಸರಿತು. ಸಂಜೆಗೆ ಮರಿ ಸತ್ತಿತು. ಪೊರೆಯ ರಕ್ತವು ಇನ್ನೂ ಮರಿಯ ಮೈ ಸೇರಬೇಕಾಗಿತ್ತು, ಹಳದಿಯು ಹೊಟ್ಟೆಯೊಳಕ್ಕೆ ಹೀರಲ್ಪಡಬೇಕಾಗಿತ್ತು; ಅದಕ್ಕಾಗಿಯೇ ಅದು ವಿಶ್ರಮಿಸುತ್ತಿತ್ತೆಂಬುದನ್ನು ನಾನು ತಿಳಿದುಕೊಂಡುದು ಬಹಳ ವರ್ಷಗಳ ಮೇಲೆ. ಆ ಹಳದಿಯ ಬಲದಿಂದಲೇ ಮರಿಯು ಎರಡು ದಿನ ಆಹಾರವಿಲ್ಲದೆ ಇರಬಲ್ಲುದು, ಹೇಟೆಯು ಕೊನೆಯ ಮರಿಗಾಗಿ ಕಾಯಬಲ್ಲುದು.

ಹೇಟೆಯು ಮರಿಗಳೊಡನೆ ಎದ್ದ ಮೇಲೆ ನಮ್ಮ ಕೆಲಸ ಮತ್ತೆ ಮೊದಲು. ಮರಿ ಮುಳುಗದಂತಹ ಆಳವಿಲ್ಲದ ತಟ್ಟೆಯಲ್ಲಿ ನೀರು, ಕುಚ್ಚಲಕ್ಕಿಯ ಸಣ್ಣ ನುಚ್ಚು, ಜೊತೆಗೆ ಗೆದ್ದಲು: ಮಡಕೆಯಲ್ಲಿ ಸೆಗಣಿಯನ್ನೂ ತೇವದ ತೆಂಗಿನ ಸಿಪ್ಪೆಯನ್ನೂ ತುಂಬಿ ಗೆದ್ದಲಿರುವ ನೆಲದ ಮೇಲೆ ಬೋರಲಾಗಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಮರಿಗಳಿಗೆ ಉತ್ತಮ ಆಹಾರ ಸಿದ್ಧ. ಗಿಡುಗ, ಕಾಗೆ, ಮುಂಗುಸಿಗಳಿಂದ ಮೊದಲ ಎರಡು ವಾರ ರಕ್ಷಣೆ ಬೇಕು. ಕೊಕ್ಕರೆ ರೋಗವೆಂದು ನಾವು ಕರೆಯುವ ರಾಣಿಖೇತ್ ರೋಗಕ್ಕೆ ಮೊದಲ ವಾರದಲ್ಲಿಯೇ ಲಸಿಕೆಯ ಹನಿ ಹಾಕಿಸಬೇಕು. ತಗುಲಿದ ಮೇಲೆ ಅದಕ್ಕೆ ಔಷಧವಿಲ್ಲ. ಶಂಕರಪುರದವರಿಗೆ ಇನ್ನೊಂದು ಎಚ್ಚರಿಕೆ: ಮಲ್ಲಿಗೆಗೆ ಕೀಟನಾಶಕ ಸಿಂಪಡಿಸಿದ ಬಳಿಕ ಕೆಲವು ದಿನ ಹೇಟೆಯನ್ನೂ ಮರಿಗಳನ್ನೂ ಗಿಡಗಳ ಬುಡಕ್ಕೆ ಬಿಡಬಾರದು, ಸತ್ತ ಹುಳುವನ್ನು ಮರಿಗೆ ತಿನ್ನಿಸುವ ತಾಯಿಗೆ ವಿಷದ ಅರಿವಿರದು.

ಮರಿ ಬೇಡದ ಕಾಲದಲ್ಲಿ ಕೂತ ಹೇಟೆಯನ್ನು ಎಬ್ಬಿಸಲು ಅದರ ಮೂಗಿಗೆ ಗರಿ ಚುಚ್ಚುವುದನ್ನೂ ನೀರಿನಲ್ಲಿ ಅದ್ದುವುದನ್ನೂ ಹಳ್ಳಿಗಳಲ್ಲಿ ಕಂಡಿದ್ದೇನೆ. ಅದು ಕ್ರೌರ್ಯ, ಅದರ ಅಗತ್ಯವೂ ಇಲ್ಲ. ತಳಕ್ಕೆ ಗಾಳಿಯಾಡುವ ಸಲಾಕೆಯ ಪಂಜರದಲ್ಲಿ, ಹುಲ್ಲು ಹಾಸದೆ, ನೀರು ಕಾಳು ಕೊಟ್ಟು ನಾಲ್ಕು ದಿನ ಇರಿಸಿದರೆ ಒಡಲು ತಂಪಾಗಿ ಕಾವು ತಾನಾಗಿ ಇಳಿಯುವುದು. ತುಳುವಿನಲ್ಲಿ ಪೆರಡೆಯೆಂದು ಕರೆಯಿಸಿಕೊಳ್ಳುವ ಈ ಸಣ್ಣ ಮೈಯ ಹೇಟೆಯು ವರ್ಷಕ್ಕೆ 60, 70 ಮೊಟ್ಟೆಗಳನ್ನಷ್ಟೇ ಇಡುವುದೆಂದು ಅದನ್ನು ಮಾರಿ, ಹೆಚ್ಚು ಮೊಟ್ಟೆಯಿಡುವ ತಳಿಯನ್ನು ತರಬೇಕೆಂಬ ಆಲೋಚನೆ ಹಲವರಲ್ಲಿದೆ. ತನ್ನಿ, ಬೇಡವೆನ್ನುವುದಿಲ್ಲ. ಆದರೆ ಕಾವಿಗೆ ಕೂತು, ಮರಿ ಮಾಡಿ, ಎರಡು ತಿಂಗಳು ಅವನ್ನು ಸಾಕಿ ತೋರಿಸಿದ ಒಂದು ಹೇಟೆಯನ್ನಾದರೂ ನಿಮ್ಮ ಅಂಗಳದಲ್ಲಿ ಉಳಿಸಿಕೊಳ್ಳಿ.