ಅಂಗಾಲನ್ನು ನೋಡುವ ಆಸ್ಪತ್ರೆ

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಪಾದಕ್ಕೆ ಬರುವ ಮೂರು ಬಾಧೆಗಳು ಒಂದೇ ಅಧ್ಯಾಯದಲ್ಲಿ ಬರುತ್ತವೆ: ಹಿಮ್ಮಡಿ ಬಿರಿಯುವ ಪಾದದಾರಿ, ಕಲ್ಲುಮುಳ್ಳು ತಾಗಿ ಗಂಟುಕಟ್ಟುವ ಕದರ, ಅಂದರೆ ಕನ್ನಡದ ಆಣಿ, ಮತ್ತು ಕೆಟ್ಟ ಕೆಸರು ತುಳಿದು ಬೆರಳ ಸಂದಿ ನೆನೆದು ತುರಿಸುವ ಅಲಸ. ಈ ಮೂರನ್ನೂ ಆ ಗ್ರಂಥ ಕ್ಷುದ್ರರೋಗಗಳ, ಎಂದರೆ ಸಣ್ಣಪುಟ್ಟ ರೋಗಗಳ, ಸಾಲಿಗೆ ಸೇರಿಸಿದೆ. ಸಕ್ಕರೆ ಕಾಯಿಲೆ ಮನೆಮನೆಗೂ ಬಂದಿರುವ ಇಂದಿನ ದಿನಗಳಲ್ಲಿ ಈ ವಿಂಗಡಣೆಯನ್ನು ಹಾಗೆಯೇ ಒಪ್ಪುವುದು ಕಷ್ಟ. ಆದರೂ ಲೋಕರೂಢಿಯಲ್ಲಿ ಪಾದದ ಕಾಯಿಲೆ ಇನ್ನೂ ಕ್ಷುದ್ರವಾಗಿಯೇ ಉಳಿದಿದ್ದು, ಕಣ್ಣಿಗೊಬ್ಬ, ಹಲ್ಲಿಗೊಬ್ಬ ವೈದ್ಯರನ್ನು ಹುಡುಕಿಕೊಂಡು ಹೋಗುವವರು ಕಾಲಿನ ಆಣಿಯನ್ನು ಮಾತ್ರ ಮನೆಯ ಬ್ಲೇಡಿಗೋ ಔಷಧಿ ಅಂಗಡಿಯ ಪಟ್ಟಿಗೋ ಒಪ್ಪಿಸಿಬಿಡುತ್ತಾರೆ.

ಪಾದ ಮತ್ತು ಹರಡಿನ, ಅಂದರೆ ಕಣಕಾಲು ಪಾದಕ್ಕೆ ಕೂಡುವ ಗಂಟಿನ, ಚಿಕಿತ್ಸೆಗೆ ಪೋಡಿಯಾಟ್ರಿ ಎಂಬ ಹೆಸರಿದೆ. ಒಂದು ಪಾದದಲ್ಲಿ 26 ಮೂಳೆಗಳಿದ್ದು, ಎರಡೂ ಪಾದಗಳನ್ನು ಸೇರಿಸಿದರೆ ದೇಹದ 206 ಮೂಳೆಗಳಲ್ಲಿ ಕಾಲುಭಾಗ ಅಲ್ಲಿಯೇ ಸಿಗುತ್ತದೆ. ಅಮೆರಿಕದಲ್ಲಿ ಇದು ನಾಲ್ಕು ವರ್ಷಗಳ ಪ್ರತ್ಯೇಕ ವೃತ್ತಿಪದವಿ. ನಮ್ಮಲ್ಲಿ ಅದೇ ಪಾದ ಹಲವು ವಿಭಾಗಗಳಿಗೆ ಹಂಚಿಹೋಗಿದೆ: ಮೂಳೆಯ ಭಾಗ ಅಸ್ಥಿತಜ್ಞರಿಗೆ, ಹುಣ್ಣು ಶಸ್ತ್ರವೈದ್ಯರಿಗೆ, ರಕ್ತನಾಳ ಇನ್ನೊಬ್ಬರಿಗೆ, ಸಕ್ಕರೆ ಫಿಜಿಷಿಯನ್ನರಿಗೆ, ಚರ್ಮ ಚರ್ಮವೈದ್ಯರಿಗೆ, ಚಪ್ಪಲಿ ರಸ್ತೆಬದಿಯ ಚಮ್ಮಾರರಿಗೆ. ಇವರೆಲ್ಲರ ಕೆಲಸವನ್ನು ಒಂದೇ ಕೋಣೆಗೆ ತರುವ ಏರ್ಪಾಡೇ ಪಾದ ಚಿಕಿತ್ಸಾಲಯ. ಹೊರಗಿನ ಫಲಕದಲ್ಲಿ ಡಯಾಬಿಟಿಕ್ ಫೂಟ್ ಕ್ಲಿನಿಕ್ ಎಂದಿರಲಿ, ಪೋಡಿಯಾಟ್ರಿ ವಿಭಾಗ ಎಂದಿರಲಿ, ಒಳಗೆ ನಡೆಯಬೇಕಾದ ಕೆಲಸ ಒಂದೇ ಆಗಿರುತ್ತದೆ.

ಈ ಏರ್ಪಾಡಿನ ಅಗತ್ಯಕ್ಕೆ ಮುಖ್ಯ ಕಾರಣ ಮಧುಮೇಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಅಂದಾಜಿಸಿತು. ವರ್ಷಗಟ್ಟಲೆ ಏರಿದ ಸಕ್ಕರೆ ನರಗಳನ್ನು ಮೂರು ಬಗೆಯಲ್ಲಿ ಕೆಡಿಸುತ್ತದೆ. ಸ್ಪರ್ಶ ತಿಳಿಸುವ ನರ ಸೋತಾಗ ಮೊದಮೊದಲು ಜೋಮು, ಉರಿ, ಹತ್ತಿಯ ಮೇಲೆ ನಡೆದಂಥ ಭಾಸವಾಗಿ, ಕಡೆಗೆ ಏನೂ ತಿಳಿಯದಂತಾಗುತ್ತದೆ. ಸ್ನಾಯುಗಳನ್ನು ಆಡಿಸುವ ನರ ಸೋತಾಗ ಬೆರಳುಗಳು ಕೊಕ್ಕೆಯಂತೆ ಮಡಚಿಕೊಂಡು ನಡಿಗೆಯ ಭಾರವೆಲ್ಲ ಬೆರಳ ಬುಡದ ಮೂಳೆಗಳ ಮೇಲೆ ಬೀಳುತ್ತದೆ. ಬೆವರನ್ನು ನಡೆಸುವ ನರ ಸೋತಾಗ ಚರ್ಮ ಒಣಗಿ ಹಿಮ್ಮಡಿ ಬಿರಿದು ಸೋಂಕಿಗೆ ಬಾಗಿಲು ತೆರೆಯುತ್ತದೆ. ಇದರ ಜೊತೆಗೆ ಮೊಣಕಾಲಿನ ಕೆಳಗಿನ ರಕ್ತನಾಳಗಳು ಕಿರಿದಾಗಿದ್ದರೆ ಆದ ಗಾಯ ಮಾಯುವುದೂ ಕಷ್ಟ. ನಡುಮಧ್ಯಾಹ್ನದ ಬಿಸಿಲಿನಲ್ಲಿ ದೇವಸ್ಥಾನದ ಕಲ್ಲುಚಪ್ಪಡಿಯ ಮೇಲೆ ಪ್ರದಕ್ಷಿಣೆ ಹಾಕಿದ ಮಧುಮೇಹಿಗೆ ಅಂಗಾಲು ಸುಟ್ಟು ಬೊಬ್ಬೆ ಎದ್ದದ್ದು ಸಂಜೆ ಮನೆಯವರು ನೋಡಿ ಹೇಳುವವರೆಗೂ ತಿಳಿಯದಿರುವುದಕ್ಕೆ ಈ ನರದೋಷವೇ ಕಾರಣ. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ, ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಮತ್ತು ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವವರಲ್ಲಿ ಇಂಥ ಪಾದದವರೂ ಇರುತ್ತಾರೆ. ಹೊರಡುವ ಮುನ್ನ ಪಾದವನ್ನು ತೋರಿಸಿಕೊಳ್ಳುವ ರೂಢಿ ಮಾತ್ರ ಇನ್ನೂ ಬಂದಿಲ್ಲ.

ಪಾದ ಚಿಕಿತ್ಸಾಲಯದ ಮೊದಲ ಪರೀಕ್ಷೆಗೆ ಬೇಕಾದ ಸಲಕರಣೆಯನ್ನು ಕಂಡವರು ಅದರ ಸರಳತೆಗೆ ಅಚ್ಚರಿಪಡುತ್ತಾರೆ. ಮೊನೊಫಿಲಮೆಂಟ್ ಎಂಬುದು ಹಿಡಿಕೆಗೆ ಸಿಕ್ಕಿಸಿದ ಗಿಡ್ಡ ನೈಲಾನ್ ಎಳೆ, ನೋಡಲು ಮೀನಿನ ಗಾಳದ ದಾರದ ತುಂಡಿನಂತಿರುತ್ತದೆ. ಅದನ್ನು ಚರ್ಮಕ್ಕೆ ನೇರವಾಗಿ ಒತ್ತಿದಾಗ 10 ಗ್ರಾಂ ಭಾರಕ್ಕೆ ಅದು ಬಾಗುವಂತೆ ತಯಾರಿಸಿರುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಫ್ರೈ ಕೂದಲೆಳೆಗಳಿಂದ ಸ್ಪರ್ಶವನ್ನು ಅಳೆಯಲು ತೊಡಗಿದ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಜೋಸೆಫೀನ್ ಸೆಮ್ಸ್ ಮತ್ತು ಸಿಡ್ನಿ ವೈನ್‌ಸ್ಟೈನ್ ಅದನ್ನೇ ನೈಲಾನಿಗೆ ತಂದರು. ಪರೀಕ್ಷಿಸುವವರು ಎಳೆಯನ್ನು ಮೊದಲು ರೋಗಿಯ ಕೈಗೆ ತಾಗಿಸಿ ಸ್ಪರ್ಶ ಹೇಗಿರುತ್ತದೆಂದು ತಿಳಿಸಿಕೊಟ್ಟು, ಆಮೇಲೆ ಕಣ್ಣು ಮುಚ್ಚಿಸಿ, ಹೆಬ್ಬೆರಳಿನ ತುದಿ ಮತ್ತು ಬೆರಳ ಬುಡದ ಉಬ್ಬುಗಳ ಮೇಲೆ ಒಂದೆರಡು ಸೆಕೆಂಡು ಒತ್ತಿ ಹಿಡಿಯುತ್ತಾರೆ. ನಡುನಡುವೆ ಒತ್ತದೆಯೂ “ತಿಳಿಯಿತೇ?” ಎಂದು ಕೇಳುವುದುಂಟು, ಊಹಿಸಿ ಹೌದೆನ್ನುವವರು ಆಗ ಸಿಕ್ಕಿಬೀಳುತ್ತಾರೆ. 10 ಗ್ರಾಂ ಒತ್ತಡವೂ ತಿಳಿಯದ ಅಂಗಾಲಿಗೆ ಮೊಳೆಯಿಂದಲೂ ಕೆಂಡದಿಂದಲೂ ತನ್ನನ್ನು ಕಾಪಾಡಿಕೊಳ್ಳುವ ಶಕ್ತಿ ಉಳಿದಿಲ್ಲವೆಂದು ತಿಳಿಯಬೇಕು.

ಎರಡನೆಯದು ನಾಡಿಪರೀಕ್ಷೆ. ಪಾದದ ಮೇಲ್ಭಾಗದಲ್ಲಿ ಒಂದು, ಒಳಹರಡಿನ ಹಿಂದೆ ಒಂದು, ಹೀಗೆ ಪ್ರತಿ ಪಾದದಲ್ಲೂ ಎರಡು ಕಡೆ ನಾಡಿ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಹರಡಿನ ಬಳಿಯ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿ ನೋಡುತ್ತಾರೆ, ಭಾಗಲಬ್ಧ 0.9ಕ್ಕಿಂತ ಕಡಿಮೆ ಬಂದರೆ ರಕ್ತಪ್ರವಾಹಕ್ಕೆ ಅಡ್ಡಿಯಿದೆ ಎಂದರ್ಥ. ಸುಣ್ಣಗಟ್ಟಿದ ನಾಳಗಳಲ್ಲಿ ಈ ಲೆಕ್ಕ ತಪ್ಪಾಗಿ ಹೆಚ್ಚು ತೋರಿಸುತ್ತದೆಯಾದ್ದರಿಂದ ಅಂಕಿಯನ್ನಷ್ಟೇ ನಂಬಿ ರೋಗಿಯನ್ನು ಮನೆಗೆ ಕಳಿಸುವುದು ಸಲ್ಲದು.

ಮೂರನೆಯ ಕೆಲಸ ಜಡ್ಡು ತೆಗೆಯುವುದು. ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಭಾರ ಬಿದ್ದು ಚರ್ಮ ದಪ್ಪಗಟ್ಟಿದರೆ ಅದು ಜಡ್ಡು. ಅದೇ ಮೊನಚಾಗಿ ಒಳಗಿಳಿದರೆ ಆಣಿ. ಸ್ಪರ್ಶವಿರುವ ಕಾಲಿನಲ್ಲಿ ಅದು ನೋಯುತ್ತದೆ, ಆದ್ದರಿಂದ ಮನುಷ್ಯ ಎಚ್ಚೆತ್ತುಕೊಳ್ಳುತ್ತಾನೆ. ಸ್ಪರ್ಶವಿಲ್ಲದ ಕಾಲಿನಲ್ಲಿ ಜಡ್ಡು ಚಪ್ಪಲಿಯೊಳಗೆ ಸಿಕ್ಕ ಕಲ್ಲಿನಂತೆ ಕೆಳಗಿನ ಮಾಂಸವನ್ನು ಒತ್ತಿ ಒತ್ತಿ ಹುಣ್ಣು ಮಾಡುತ್ತದೆ, ಮೇಲಿನಿಂದ ನೋಡಿದವರಿಗೆ ಕಾಣುವುದು ಒಣ ಚರ್ಮ ಮಾತ್ರ. ತರಬೇತಾದ ಕೈ ಚೂಪಾದ ಶಸ್ತ್ರದಿಂದ ಅದನ್ನು ಪದರಪದರವಾಗಿ ಹೆರೆದಾಗ ಎಷ್ಟೋ ಬಾರಿ ಒಳಗೆ ಅಡಗಿದ್ದ ಕೀವು ಹೊರಬರುತ್ತದೆ. ಆಣಿಪಟ್ಟಿಯಲ್ಲಿ ಚರ್ಮವನ್ನು ಕರಗಿಸುವ ಸ್ಯಾಲಿಸಿಲಿಕ್ ಆಮ್ಲವಿರುವುದರಿಂದ ಅದು ಜಡ್ಡಿನೊಂದಿಗೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡಬಲ್ಲದು. ಮಧುಮೇಹಿಗಳು ಅದನ್ನೂ ಮನೆಯ ಬ್ಲೇಡನ್ನೂ ದೂರವಿಡಬೇಕೆಂಬುದು ಪಾದವೈದ್ಯರ ಒಮ್ಮತದ ಮಾತು.

ಹುಣ್ಣು ಆಗಿಯೇಬಿಟ್ಟ ಮೇಲಿನ ಚಿಕಿತ್ಸೆಯ ಚರಿತ್ರೆ ಹೆಚ್ಚಾಗಿ ದಕ್ಷಿಣ ಭಾರತದ್ದೆಂಬುದು ಹಲವರಿಗೆ ತಿಳಿದಿರದ ಸಂಗತಿ. ಕುಷ್ಠರೋಗದಲ್ಲೂ ಪಾದದ ಸ್ಪರ್ಶ ಹೋಗುತ್ತದೆ, ಅಂಗಾಲಿನಲ್ಲಿ ಮಾಯದ ಹುಣ್ಣಾಗುತ್ತದೆ. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಈ ಹುಣ್ಣುಗಳು ರೋಗಾಣು ಮಾಂಸ ತಿನ್ನುವುದರಿಂದ ಆಗುವಂಥವಲ್ಲ, ನೋವು ತಿಳಿಯದ ಕಾಲಿನ ಮೇಲೆ ಎಡೆಬಿಡದೆ ಬೀಳುವ ಒತ್ತಡದಿಂದ ಆಗುವಂಥವು ಎಂದು ತೋರಿಸಿಕೊಟ್ಟರು. ಕಾರಣ ಒತ್ತಡವಾದರೆ ಔಷಧವೂ ಒತ್ತಡವನ್ನು ಇಳಿಸುವುದೇ ಆಗಬೇಕಷ್ಟೆ. ಅದಕ್ಕಾಗಿ ಬಳಕೆಗೆ ಬಂದ ವಿಧಾನ, ಬೆರಳಿನಿಂದ ಮೊಣಕಾಲಿನ ಕೆಳಗಿನವರೆಗೂ ಕಾಲಿಗೆ ಅಂಟಿಕೊಂಡಂತೆ ಹಾಕುವ ಪ್ಲಾಸ್ಟರ್ ಕಟ್ಟು. ಭಾರ ಒಂದೇ ಬಿಂದುವಿನ ಮೇಲೆ ಬೀಳದೆ ಅಂಗಾಲು ಮತ್ತು ಕಣಕಾಲಿಗೆಲ್ಲ ಹಂಚಿಹೋಗುವುದರಿಂದ ರೋಗಿ ನಡೆದಾಡುತ್ತಿರುವಾಗಲೇ ಹುಣ್ಣು ಮಾಯುತ್ತದೆ. ಸೋಂಕು ಏರಿರುವ ಅಥವಾ ರಕ್ತ ಹರಿಯದ ಕಾಲಿಗೆ ಇದನ್ನು ಹಾಕುವಂತಿಲ್ಲ. 1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಇದೇ ವಿಧಾನ ಅಲ್ಲಿಯ ಮಧುಮೇಹಿಗಳಿಗೂ ದಕ್ಕಿತು. ಇಂದು ಪಶ್ಚಿಮದ ಪಠ್ಯಪುಸ್ತಕಗಳು ಎತ್ತಿಹಿಡಿಯುವ ಈ ಕಟ್ಟಿನ ಬೇರು ನಮ್ಮ ಕುಷ್ಠರೋಗ ಆಸ್ಪತ್ರೆಗಳಲ್ಲಿದೆ. ಆದರೆ ಕುಷ್ಠದ ಹೆಸರಿಗೆ ಅಂಟಿಕೊಂಡ ಕಳಂಕದಿಂದಲೋ ಏನೋ, ನಮ್ಮ ಮಧುಮೇಹ ಆಸ್ಪತ್ರೆಗಳು ಆ ನೆನಪನ್ನು ಉಳಿಸಿಕೊಳ್ಳಲಿಲ್ಲ.

ಚಪ್ಪಲಿಯ ಮಾತೂ ಹೀಗೆಯೇ. ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಉಚಿತವಾಗಿ ಹಂಚುವ ಎಂ.ಸಿ.ಆರ್. ಚಪ್ಪಲಿ, ಅಂದರೆ ಸೂಕ್ಷ್ಮ ಗಾಳಿಗೂಡುಗಳಿರುವ ರಬ್ಬರಿನ ಚಪ್ಪಲಿ, ಮೂರು ನಿಯಮಗಳನ್ನು ಪಾಲಿಸುತ್ತದೆ: ಪಾದ ಊರುವ ಒಳಪದರ ಮೆತ್ತಗಿರಬೇಕು, ಹೊರ ಅಟ್ಟೆ ಮುಳ್ಳು ಮೊಳೆ ದಾಟದಷ್ಟು ಗಟ್ಟಿಯಿರಬೇಕು, ಹಿಮ್ಮಡಿಯ ಹಿಂದೆ ಪಟ್ಟಿಯಿರಬೇಕು. ಅದರಲ್ಲಿ ಒಂದೇ ಒಂದು ಮೊಳೆಯನ್ನೂ ಬಳಸುವುದಿಲ್ಲ, ಅಂಟು ಮತ್ತು ಹೊಲಿಗೆ ಮಾತ್ರ. ಅಟ್ಟೆ ಸವೆದು ಮೊಳೆ ಮೇಲೆದ್ದರೆ ಸ್ಪರ್ಶವಿಲ್ಲದ ಕಾಲಿಗೆ ಅದು ತಿಳಿಯುವುದಿಲ್ಲ. ಹಿಂದಿನ ಪಟ್ಟಿ ಇಲ್ಲದ, ಉಂಗುಷ್ಟಕ್ಕೆ ಬೆರಳು ಸಿಕ್ಕಿಸುವ ಹವಾಯಿ ಚಪ್ಪಲಿ ಇಂಥ ಕಾಲಿನಿಂದ ದಾರಿಯಲ್ಲಿಯೇ ಜಾರಿಹೋಗಿ, ಅದು ಹೋದದ್ದು ಮನೆ ತಲುಪಿದ ಮೇಲೆ ಗೊತ್ತಾಗುವುದುಂಟು.

ಹರಡಿನ ವಿಚಾರದಲ್ಲಿ ಜನರಿಗೆ ಮೊದಲು ನೆನಪಾಗುವುದು ಉಳುಕು, ಅದರ ಬೆನ್ನಿಗೇ ಪುತ್ತೂರು ಕಟ್ಟು. ಆಂಧ್ರದ ಚಿತ್ತೂರು ಸೀಮೆಯ ಪುತ್ತೂರಿನ ಹೆಸರು ಹೊತ್ತ ಮೂಳೆಕಟ್ಟಿನ ಫಲಕಗಳು ಬೆಂಗಳೂರಿನ ಬಡಾವಣೆಗಳಲ್ಲೂ ಕಾಣುತ್ತವೆ. ಸಾಮಾನ್ಯ ಉಳುಕಿನಲ್ಲಿ ಪಾದ ಒಳಕ್ಕೆ ಹೊರಳಿ ಹರಡಿನ ಹೊರಮಗ್ಗುಲ ಅಸ್ಥಿಬಂಧ, ಎಂದರೆ ಮೂಳೆಗೆ ಮೂಳೆಯನ್ನು ಕಟ್ಟುವ ನಾರು, ಹಿಗ್ಗಿರುತ್ತದೆ. ಎಕ್ಸ್‌ರೇ ಬೇಕೇ ಬೇಡವೇ ಎಂದು ತೀರ್ಮಾನಿಸಲು ಕೆನಡಾದ ಆಟವಾದಲ್ಲಿ 1992ರಲ್ಲಿ ರೂಪಿಸಿದ ನಿಯಮವನ್ನು ಲೋಕದ ತುರ್ತು ಚಿಕಿತ್ಸಾ ಘಟಕಗಳು ಬಳಸುತ್ತವೆ. ಗಾಯಾಳು ನಾಲ್ಕು ಹೆಜ್ಜೆ ಇಡಲಾರದೆ ಹೋದರೆ, ಇಲ್ಲವೇ ಹರಡಿನ ಎರಡು ಬದಿಗಳಲ್ಲಿ ಯಾವುದೇ ಒಂದರ ಉಬ್ಬುಮೂಳೆಯ ಹಿಂಬದಿಯನ್ನು ಒತ್ತಿದಾಗ ಮೂಳೆಯೇ ನೋಯುವಂತಿದ್ದರೆ ಎಕ್ಸ್‌ರೇ ತೆಗೆಸಬೇಕೆಂಬುದು ಅದರ ಸಾರ. ಇದು ಸ್ಪರ್ಶವಿರುವ ಕಾಲಿನ ನಿಯಮ. ನರ ಸೋತ ಮಧುಮೇಹಿಯ ಪಾದ ಏಕಾಏಕಿ ಊದಿ, ಕೆಂಪಾಗಿ, ಇನ್ನೊಂದು ಪಾದಕ್ಕಿಂತ ಎರಡು ಡಿಗ್ರಿಯಷ್ಟು ಬಿಸಿಯಾಗಿದ್ದೂ ಅದಕ್ಕೆ ತಕ್ಕ ನೋವಿಲ್ಲದಿದ್ದರೆ ಅದು ಶಾರ್ಕೋ ಪಾದವಿರಬಹುದು. ಫ್ರಾನ್ಸಿನ ನರವೈದ್ಯ ಜ್ಯಾಂ ಮಾರ್ಟಿನ್ ಶಾರ್ಕೋ 1868ರಲ್ಲಿ ವಿವರಿಸಿದ ಕೀಲುನಾಶಕ್ಕೆ ಅವನದೇ ಹೆಸರು ಬಂದಿದೆ. 1936ರಲ್ಲಿ ಅದಕ್ಕೂ ಮಧುಮೇಹಕ್ಕೂ ಇರುವ ನಂಟು ತಿಳಿಯಿತು. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಏನೂ ಕಾಣದೆ ಹೋಗಬಹುದು. ಉಳುಕೆಂದು ತಿಳಿದು ಎಣ್ಣೆ ತಿಕ್ಕಿ ಕಟ್ಟು ಬಿಗಿದು ನಡೆದಾಡಿದರೆ ಮೂಳೆಗಳು ನುಚ್ಚಾಗಿ, ಅಂಗಾಲಿನ ಕಮಾನು ಕುಸಿದು, ಪಾದ ತೊಟ್ಟಿಲ ತಳದಂತೆ ಹೊರಬಾಗಿಬಿಡುತ್ತದೆ. ಪಾದ ಚಿಕಿತ್ಸಾಲಯಕ್ಕೆ ಅದೇ ದಿನ ಹೋಗಬೇಕಾದ ಸ್ಥಿತಿಗಳಲ್ಲಿ ಇದೊಂದು. ಕಪ್ಪಾದ ಬೆರಳು ಮತ್ತು ಜ್ವರದೊಡನೆ ಬಂದ ಪಾದದ ಹುಣ್ಣು ಉಳಿದೆರಡು.

ಕರ್ನಾಟಕದಲ್ಲಿ ಇಂಥ ಚಿಕಿತ್ಸೆಯನ್ನು ಹುಡುಕುವವರಿಗೆ ಎಲ್ಲ ಊರಿನಲ್ಲೂ ಒಂದೇ ಉತ್ತರ ಸಿಗದು. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆಯಾದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಆಂಡ್ ರಿಸರ್ಚ್, ಹಿಂದೆ ಡಯಾಬಿಟಾಲಜಿ ಸಂಸ್ಥೆಯೆಂದು ಹೆಸರಾಗಿದ್ದದ್ದು, ಪ್ರತ್ಯೇಕ ಪೋಡಿಯಾಟ್ರಿ ವಿಭಾಗವನ್ನು ನಡೆಸುತ್ತಿದೆ. ಕೃತಕ ಅಂಗ ಮತ್ತು ಕಾಲಿನ ಆಸರೆಪಟ್ಟಿಗಳಿಗೆ 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಸಂಸ್ಥೆಯಿದೆ. ಆನೆಕಾಲಿಗೆ, ಅಂದರೆ ದುಗ್ಧರಸ ಕಟ್ಟಿಕೊಂಡು ಊದಿದ ಕಾಲಿಗೆ, ಕರಾವಳಿಯ ಕನ್ನಡಿಗರು ಗಡಿಯಾಚೆಯ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಗೆ ಹೋಗುತ್ತಾರೆ. ಆಯುರ್ವೇದ, ಯೋಗ ಮತ್ತು ಒತ್ತುಪಟ್ಟಿಯನ್ನು ಬೆಸೆದ ಅಲ್ಲಿಯ ವಿಧಾನ ಹೊರದೇಶದ ವೈದ್ಯರ ಗಮನವನ್ನೂ ಸೆಳೆದಿದೆ. ಜಿಲ್ಲಾ ಕೇಂದ್ರಗಳಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗವೂ, ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ನೋಡುವ ಎನ್.ಸಿ.ಡಿ. ಕ್ಲಿನಿಕ್ಕೂ ಮೊದಲ ಮೆಟ್ಟಿಲು. ಹುಟ್ಟಿದ ಮಗುವಿನ ಸೊಟ್ಟಪಾದಕ್ಕೆ ದಾರಿ ಬೇರೆ: ವಾರವಾರವೂ ಪ್ಲಾಸ್ಟರ್ ಬದಲಿಸುತ್ತ ಪಾದವನ್ನು ನೇರಕ್ಕೆ ತರುವ ಪೊನ್ಸೆಟಿ ವಿಧಾನ ತಿಳಿದ ಅಸ್ಥಿತಜ್ಞರಲ್ಲಿಗೆ ಆದಷ್ಟು ಬೇಗ ಒಯ್ಯಬೇಕು.

ಫಲಕ ನೋಡಿ ಚಿಕಿತ್ಸಾಲಯವನ್ನು ಅಳೆಯಲಾಗದು. ನಯವಾದ ಸೋಫಾ, ಅಂಗಾಲಿನ ಒತ್ತಡವನ್ನು ಬಣ್ಣಬಣ್ಣದ ಚಿತ್ರವಾಗಿ ತೋರಿಸುವ ಯಂತ್ರ ಇದ್ದರೂ, ನಾಡಿ ಮುಟ್ಟದೆ, ಬೆರಳ ಸಂದಿ ಬಿಡಿಸಿ ನೋಡದೆ ದುಬಾರಿ ಶೂ ಬರೆದುಕೊಡುವ ಕಡೆಗಿಂತ, ಎರಡೂ ಕಾಲುಚೀಲಗಳನ್ನು ಬಿಚ್ಚಿಸಿ ಕುರ್ಚಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂರುವ ತಾಲ್ಲೂಕು ಆಸ್ಪತ್ರೆಯ ನರ್ಸ್ ಮೇಲು. ಅಪಾಯದ ಶ್ರೇಣಿಯನ್ನೂ ಮುಂದಿನ ಭೇಟಿಯ ದಿನವನ್ನೂ ಚೀಟಿಯಲ್ಲಿ ಬರೆಯುವುದು ಇನ್ನೊಂದು ಗುರುತು. ಅಂತರರಾಷ್ಟ್ರೀಯ ಮಧುಮೇಹ ಪಾದ ಕಾರ್ಯತಂಡದ ಸೂಚನೆಯಂತೆ ಸ್ಪರ್ಶ, ನಾಡಿ ಎರಡೂ ಸರಿಯಿರುವ ಮಧುಮೇಹಿ ವರ್ಷಕ್ಕೊಮ್ಮೆ ಪಾದ ತೋರಿಸಿದರೆ ಸಾಕು. ಸ್ಪರ್ಶವೋ ನಾಡಿಯೋ ಒಂದು ಹೋದವರು ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಎರಡೂ ಹೋದವರು ಅಥವಾ ಒಂದು ಹೋಗಿ ಪಾದದ ಆಕಾರವೂ ಕೆಟ್ಟವರು ಮೂರರಿಂದ ಆರು ತಿಂಗಳಿಗೊಮ್ಮೆ, ಸ್ಪರ್ಶವೋ ನಾಡಿಯೋ ಹೋಗಿ ಹಿಂದೆ ಹುಣ್ಣೂ ಆಗಿದ್ದವರು ಒಂದರಿಂದ ಮೂರು ತಿಂಗಳಿಗೊಮ್ಮೆ ತೋರಿಸಬೇಕು.

ಹೋಗುವ ದಿನ ಪೆಟ್ಟಿಗೆಯಿಂದ ಹೊಸ ಚಪ್ಪಲಿ ತೆಗೆದು ಮೆಟ್ಟಿಕೊಂಡು ಹೋಗುವವರೇ ಹೆಚ್ಚು. ದಿನವೂ ಮೆಟ್ಟುವ ಹಳೆಯ ಜೋಡಿನಲ್ಲೇ ಹೋಗಬೇಕು. ಅಟ್ಟೆ ಎಲ್ಲಿ ಸವೆದಿದೆ, ಒಳಪದರ ಎಲ್ಲಿ ತಗ್ಗಿದೆ ಎಂಬುದನ್ನು ಪಾದವೈದ್ಯರು ಮೊದಲು ಅಲ್ಲಿಯೇ ಓದುತ್ತಾರೆ.