ಪಾತರಗಿತ್ತಿಯೂ ಹಣ್ಣುನೊಣವೂ

ಕಳೆದ ವಾರ ನಮ್ಮ ಅಡುಗೆಮನೆಯಲ್ಲಿ ಬಾಳೆಹಣ್ಣಿನ ಚಿಪ್ಪೊಂದು ಕಳಿತು ಕಪ್ಪಾಗಿದ್ದಿತು. ಅದರ ಸುತ್ತ ಎಳ್ಳುಕಾಳಿನಷ್ಟು ಗಾತ್ರದ ನೊಣಗಳ ಹಿಂಡು. ಹೆಗಲ ಟವಲು ಬೀಸಿ ಓಡಿಸಿದೆ. ಮರುಗಳಿಗೆಯಲ್ಲಿ ಮತ್ತೆ ಬಂದು ಕುಳಿತವು. ಎದುರು ಗೋಡೆಗೆ ಮಗಳು ಅಂಟಿಸಿದ್ದ ಚಿತ್ರದಲ್ಲಿ ಕರ್ನಾಟಕದ ರಾಜ್ಯ ಚಿಟ್ಟೆ ರೆಕ್ಕೆ ಬಿಚ್ಚಿ ಮೆರೆಯುತ್ತಿದ್ದಿತು. ಒಂದಕ್ಕೆ ರಾಜಮರ್ಯಾದೆ, ಇನ್ನೊಂದಕ್ಕೆ ಟವಲಿನ ಏಟು. ಈ ನ್ಯಾಯ ಸರಿಯೆ?

ಚಿಟ್ಟೆಯ ಹಿರಿಮೆಯನ್ನು ಅಲ್ಲಗಳೆಯುವವರಾರು? ಪಶ್ಚಿಮಘಟ್ಟಗಳ ಈ ‘ಸದರ್ನ್ ಬರ್ಡ್‌ವಿಂಗ್’ ರೆಕ್ಕೆ ಹರಡಿದರೆ ತುದಿಯಿಂದ ತುದಿಗೆ 14ರಿಂದ 19 ಸೆಂಟಿಮೀಟರ್. ಮುಂದಿನ ರೆಕ್ಕೆ ಕಾಡಿಗೆಯ ಕಪ್ಪು, ಹಿಂದಿನದು ಅರಿಶಿನದ ಹಳದಿ. ಮರಿಹುಳುವಾಗಿದ್ದಾಗ ಈಶ್ವರಿಬಳ್ಳಿಯ ಎಲೆ ತಿಂದು ಅದರ ನಂಜನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಸಾಮಾನ್ಯವಾಗಿ ಇದರ ತಂಟೆಗೆ ಹೋಗುವುದಿಲ್ಲ.

ಹಣ್ಣುನೊಣವಾದರೋ ಎರಡು ಮೂರು ಮಿಲಿಮೀಟರ್ ಉದ್ದದ ಜೀವ. ಇದಕ್ಕೆ ಹಾರುವ ರೆಕ್ಕೆಗಳು ಎರಡೇ. ಹಿಂದಿನೆರಡು ಕಿರಿದಾಗಿ, ಪುಟ್ಟ ಗುಂಡುಗಳಂತೆ ಉಳಿದು, ಹಾರಾಟದ ಸಮತೋಲ ಕಾಯುತ್ತವೆ. ಆದರೂ ಮೊಟ್ಟೆ, ಮರಿಹುಳು, ಕೋಶ, ರೆಕ್ಕೆಯ ಕೀಟ ಎಂಬ ನಾಲ್ಕು ಅವಸ್ಥೆಗಳು ಎರಡಕ್ಕೂ ಸಮಾನ. ಚಿಟ್ಟೆಯಲ್ಲಿ ನಮಗೆ ಪವಾಡವೆನಿಸುವ ರೂಪಾಂತರವು ಕೊಳೆತ ಹಣ್ಣಿನ ಮೇಲೆ ಸುಮಾರು 10 ದಿನಗಳಲ್ಲಿ, ಯಾರೂ ನೋಡದೆ, ನಡೆದುಹೋಗುತ್ತದೆ.

ಈ ಅವಸರದ ಬಾಳೇ ವಿಜ್ಞಾನಕ್ಕೆ ವರವಾಯಿತು. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಥಾಮಸ್ ಹಂಟ್ ಮಾರ್ಗನ್ ಅವರ ಪ್ರಯೋಗಶಾಲೆಯಲ್ಲಿ, ಕೆಂಗಣ್ಣಿನ ನೊಣಗಳ ನಡುವೆ ಬಿಳಿಗಣ್ಣಿನ ಗಂಡೊಂದು ಕಾಣಿಸಿತು. ಅದರ ಸಂತತಿಯನ್ನು ತಲೆಮಾರುಗಳವರೆಗೆ ಹಿಂಬಾಲಿಸಿ, ಆನುವಂಶಿಕ ಗುಣಗಳು ವರ್ಣತಂತುಗಳ ಮೇಲೆ ನೆಲೆಸಿವೆಯೆಂದು ಅವರು ತೋರಿಸಿಕೊಟ್ಟರು. 1933ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ದೇಹದೊಳಗಿನ ಹಗಲಿರುಳ ಗಡಿಯಾರದ ಗುಟ್ಟನ್ನು ಬಿಡಿಸಿದವರಿಗೆ 2017ರಲ್ಲಿ ಸಂದ ನೊಬೆಲ್ ಕೂಡ ಇದೇ ನೊಣದ ಅಧ್ಯಯನದ ಫಲ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಇದರ ತಳಿಗಳನ್ನು ಜತನದಿಂದ ಸಾಕುವ ಕೇಂದ್ರವೊಂದುಂಟು.

ಚಿಟ್ಟೆಗೆ ಸಂದ ಮನ್ನಣೆಯನ್ನು ಕಿತ್ತುಕೊಳ್ಳಬೇಕಾಗಿಲ್ಲ. ಈಶ್ವರಿಬಳ್ಳಿಯೂ ಅದು ಹಬ್ಬುವ ಕಾಡೂ ಉಳಿಯಲು ಅದು ಬೇಕು. ನನ್ನ ಅಳುಕು ಬೇರೆ. ತರಗತಿಯಲ್ಲಿ ಬಣ್ಣದ ಮಾತಿನ ಹುಡುಗನ ಕಡೆಗೇ ನಾನು ತಿರುಗಿದ್ದುಂಟು. ಹಿಂದಿನ ಬೆಂಚಿನಿಂದ ಒಂದೇ ಸಂದೇಹವನ್ನು ಮತ್ತೆ ಮತ್ತೆ ಎತ್ತಿ ಪಾಠ ಕೆಡಿಸುತ್ತಿದ್ದವನನ್ನು ಗದರಿ ಕುಳ್ಳಿರಿಸಿದ್ದೂ ಉಂಟು. ಅವನ ಸಂದೇಹವೇನೆಂಬುದು ಈಗ ನೆನಪಿಗೆ ಬರುತ್ತಿಲ್ಲ. ಅಂದು ನಾನು ಬೀಸಿದ್ದೂ ಟವಲೇ ಇರಬೇಕು.