ತೋಟದ ಮನೆಯ ಮಕ್ಕಳು ಪೇಟೆಗೆ ಹೊರಟಾಗ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಮಕ್ಕಳನ್ನು ಪೇಟೆಗೆ ಯಾವಾಗ ಕರೆದೊಯ್ಯಬೇಕೆಂದು ತೀರ್ಮಾನಿಸುವುದು ಅಡಕೆ. ಮಳೆಗಾಲ ಪೂರ್ತಿ ಕೊಳೆರೋಗದ ಚಿಂತೆ. ನಾಲ್ಕು ದಿನ ಹೊಳವಾದರೆ ಬೋರ್ಡೊ ಮದ್ದು ಹೊಡೆಸುವ ಗಡಿಬಿಡಿ. ನವೆಂಬರ್ ಬಂತೆಂದರೆ ಕೊನೆಕೊಯ್ಲು. ಕೊನೆಗೌಡ ಮರ ಹತ್ತಿದ ದಿನದಿಂದ ಅಡಕೆ ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವವರೆಗೆ ಮನೆಯ ಯಾರಿಗೂ ಊರು ಬಿಡುವ ಪುರುಸೊತ್ತಿಲ್ಲ. ಈ ಎರಡು ಕೆಲಸಗಳ ನಡುವೆ ಸಿಗುವ ಬಿಡುವೇ ದಸರಾ ರಜೆ. ಚೀಲ ಹೊತ್ತು, ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಬೆಂಗಳೂರು, ಮೈಸೂರಿನ ರಾತ್ರಿ ಬಸ್ಸಿಗೆ ಕಾಯುವ ಕುಟುಂಬಗಳನ್ನು ಆಗ ಮೂರೂ ಊರುಗಳಲ್ಲಿ ಕಾಣಬಹುದು.

ವರ್ಷಕ್ಕೊಮ್ಮೆ ಸಿಗುವ ಬಿಡುವಾದ್ದರಿಂದ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಆಸೆ ಸಹಜ. ಲಾಲ್‌ಬಾಗ್, ಬನ್ನೇರುಘಟ್ಟ, ವಿಧಾನಸೌಧ, ಮಾಲ್, ಮೈಸೂರು ಅರಮನೆ, ಕೆಆರ್‌ಎಸ್ ಎಂದು ಪಟ್ಟಿ ಬೆಳೆಯುತ್ತದೆ. ಹತ್ತು ದಾಟಿದ ಮಕ್ಕಳಿಗಾದರೆ ಹೇಗೋ ನಡೆದೀತು. ಮೂರರಿಂದ ಏಳು ವರ್ಷದವರಿಗೆ ಅದು ಶಿಕ್ಷೆ. ಮಕ್ಕಳ ಹೊಟ್ಟೆ, ನಿದ್ದೆ, ಕಾಲಿನ ಶಕ್ತಿ ನೋಡಿ ಪ್ರವಾಸ ಹೊಂದಿಸಿದರೆ ಪೇಟೆ ಅವರಿಗೆ ದಕ್ಕುತ್ತದೆ. ಪಟ್ಟಿ ನೋಡಿ ಹೊಂದಿಸಿದರೆ ಉಳಿಯುವುದು ಫೋಟೊ ಮಾತ್ರ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ

ಅಜ್ಜಂದಿರ ಕಾಲದಲ್ಲಿ ಪೇಟೆಯೆಂದರೆ ಬೆಂಗಳೂರು ನೆನಪಾಗುತ್ತಿರಲಿಲ್ಲ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಜಿಲ್ಲೆ. 1956ರ ನವೆಂಬರ್ 1ರವರೆಗೂ ಮುಂಬಯಿಯ ಆಡಳಿತದಲ್ಲೇ ಇತ್ತು. ಕಾಲೇಜಿಗೆ ಧಾರವಾಡ, ವ್ಯಾಪಾರಕ್ಕೆ ಹುಬ್ಬಳ್ಳಿ, ನೌಕರಿ ಹುಡುಕಿದವರಿಗೆ ಮುಂಬಯಿ. ರಾಜ್ಯ ಒಂದಾದ ಮೇಲೆ ಓದು, ಕಚೇರಿ, ಕೆಲಸವೆಲ್ಲ ನಿಧಾನವಾಗಿ ಬೆಂಗಳೂರಿನ ಕಡೆ ತಿರುಗಿದವು. ಸಾಫ್ಟ್‌ವೇರ್ ಕಂಪನಿಗಳು ಬೆಳೆದ ಮೇಲಂತೂ ಕೆಲವು ಊರುಗಳಲ್ಲಿ ಹಿರಿಯರಷ್ಟೇ ಉಳಿದು, ಮಕ್ಕಳು ಮೊಮ್ಮಕ್ಕಳೆಲ್ಲ ಅಲ್ಲಿ ನೆಲೆಸಿದರು.

ಹೀಗಾಗಿ ಇಲ್ಲಿನವರ ನಗರ ಪ್ರವಾಸ ಬಹುಮಟ್ಟಿಗೆ ನೆಂಟರ ಮನೆಯ ಪ್ರವಾಸ. ಚಿಕ್ಕಪ್ಪನ ಮನೆಯೋ ಅತ್ತೆಯ ಮನೆಯೋ ಇದ್ದರೆ ಮಕ್ಕಳಿಗೆ ಮನೆಯೂಟ, ಗೊತ್ತಿರುವ ಮುಖ, ಮಧ್ಯಾಹ್ನ ಮಲಗಲು ಜಾಗ ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಆಡಲು ಓರಗೆಯವರು ಸಿಗುತ್ತಾರೆ. ಪಕ್ಕದ ಮನೆ ಅರ್ಧ ಮೈಲಿ ಆಚೆ ಇರುವ, ಶಾಲೆಯ ತರಗತಿಯಲ್ಲಿ ಬೆರಳೆಣಿಕೆಯ ಮಕ್ಕಳಿರುವ ಊರಿನ ಮಾಣಿಗೋ ಕೂಸಿಗೋ ಇದರ ಮುಂದೆ ಯಾವ ಮಾಲೂ ದೊಡ್ಡದಲ್ಲ.

ದಾರಿಯಲ್ಲೇ ಅರ್ಧ ಪ್ರವಾಸ

ಶಿರಸಿಗೆ ರೈಲಿಲ್ಲ, ಯಲ್ಲಾಪುರಕ್ಕೂ ಇಲ್ಲ. ಯಲ್ಲಾಪುರದ ಮೇಲೆ ಹಾಯಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡು ದಶಕಗಳೇ ಕಳೆದಿವೆ. ಹಾಗಾಗಿ ಯಲ್ಲಾಪುರದವರು ರೈಲಿಗೆ ಹುಬ್ಬಳ್ಳಿಗೆ ಹೋಗಬೇಕು. ಸಿದ್ದಾಪುರದವರಿಗೆ ಸಾಗರ ತಾಲ್ಲೂಕಿನ ತಾಳಗುಪ್ಪ ಹತ್ತಿರ. 2011ರಲ್ಲಿ ಅಲ್ಲಿಯವರೆಗೆ ಬ್ರಾಡ್‌ಗೇಜ್ ಹಳಿ ಬಂದ ಮೇಲೆ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು, ಅದರಲ್ಲೇ ಮುಂದುವರಿದರೆ ಮೈಸೂರು. ಚಿಕ್ಕ ಮಕ್ಕಳಿರುವವರು ಆದಷ್ಟೂ ರೈಲನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಶೌಚಾಲಯ ಇದೆ, ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು, ತಾಯಿಯ ಮಗ್ಗುಲಲ್ಲಿ ಮಲಗಬಹುದು. 5 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಟಿಕೆಟ್ ಬೇಕಿಲ್ಲ. 5ರಿಂದ 12ರೊಳಗಿನವರಿಗೆ ಬರ್ತ್ ಕೇಳಿದರೆ 2016ರ ಏಪ್ರಿಲ್‌ನಿಂದ ಪೂರ್ತಿ ದರವಿದೆ. ಲೆಕ್ಕ ಹಾಕುವಾಗ ಇದು ನೆನಪಿರಲಿ.

ಬಸ್ಸೇ ಗತಿಯೆಂದರೆ ಮೊದಲ ಚಿಂತೆ ವಾಂತಿ. ಪ್ರಯಾಣದ ವಾಂತಿ ಹೆಚ್ಚಾಗಿ ಕಾಡುವುದು 2ರಿಂದ 12 ವರ್ಷದ ಮಕ್ಕಳನ್ನು. ತಿರುವುಗಳಲ್ಲಿ ಮೈ ಓಲಾಡುತ್ತಿದೆ ಎಂದು ಒಳಗಿವಿ ಮಿದುಳಿಗೆ ತಿಳಿಸುತ್ತದೆ. ಕಣ್ಣು ಮಾತ್ರ ಎದುರಿನ ಸೀಟನ್ನೋ ಮೊಬೈಲನ್ನೋ ನೋಡುತ್ತ ಏನೂ ಅಲುಗುತ್ತಿಲ್ಲ ಎನ್ನುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಮಗುವನ್ನು ಸುಮ್ಮನಾಗಿಸಲು ಮೊಬೈಲ್ ಕೊಟ್ಟರೆ ತೊಂದರೆ ಹೆಚ್ಚುತ್ತದೆ. ಮುಂದಿನ ಸಾಲಿನ ಸೀಟು, ಗಾಳಿ ಬರುವ ಕಿಟಕಿ, ದೂರದ ಗುಡ್ಡದ ಕಡೆ ನೋಟ, ಹೊರಡುವ ಮೊದಲು ಹಗುರವಾದ ಊಟ ಇಷ್ಟರಿಂದ ಬಹಳ ಮಟ್ಟಿಗೆ ತಪ್ಪಿಸಬಹುದು. ಮೂಸಿ ನೋಡಲು ಲಿಂಬೆಹಣ್ಣು ಕೊಡುವ ಹಳೆಯ ರೂಢಿಯನ್ನೂ ಬಿಡಬೇಕಿಲ್ಲ. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಕೊಡಬಾರದು.

ದಿನಕ್ಕೊಂದೇ ಜಾಗ

ರಾತ್ರಿಯಿಡೀ ಪ್ರಯಾಣ ಮಾಡಿ ಇಳಿದ ದಿನ ಎಲ್ಲಿಗೂ ಹೋಗಬೇಡಿ. ಲಿಫ್ಟು, ಬಾಲ್ಕನಿ, ಬೀದಿಯ ಗಾಡಿಗಳೇ ಅಂದಿಗೆ ಸಾಕು. ನಮ್ಮ ಮನೆಯ ಐದು ವರ್ಷದ ಕೂಸು ಹುಟ್ಟಿದಾಗಿನಿಂದ ಕಂಡಿದ್ದು ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಹಗಲೂ ರಾತ್ರಿ ಇಳಿದು ಬರುವ ನೀರನ್ನು. ನಲ್ಲಿ ಮುಚ್ಚಬೇಕೆಂಬುದೇ ಅವಳಿಗೆ ಗೊತ್ತಿಲ್ಲ. ಬೆಂಗಳೂರಿನ ಮನೆಯಲ್ಲಿ ನಲ್ಲಿ ತಿರುಗಿಸಿ ಹಾಗೇ ಆಡಲು ಹೋದಳು, ಟ್ಯಾಂಕ್ ಬರಿದಾಯಿತು. ಅತ್ತೆ ಗದರಲಿಲ್ಲ. ಸಂಜೆ ಟ್ಯಾಂಕರ್ ಬಂದಾಗ ಕೈಹಿಡಿದು ಕೆಳಗೆ ಕರೆದೊಯ್ದು, ದಪ್ಪ ಪೈಪು ಹಚ್ಚಿ ಸಂಪಿಗೆ ನೀರು ಬಿಡುವುದನ್ನೂ ಚಾಲಕನಿಗೆ ದುಡ್ಡು ಕೊಡುವುದನ್ನೂ ತೋರಿಸಿದರು. "ಅತ್ತೇ, ನೀರಿಗೂ ದುಡ್ಡಾ?" ಎಂದು ಕೂಸು ಕೇಳಿತು. ಮರುದಿನದಿಂದ ಯಾರು ನಲ್ಲಿ ಬಿಟ್ಟರೂ ಓಡಿ ಹೋಗಿ ಮುಚ್ಚುವವಳು ಅವಳೇ. ಪೇಟೆ ಹೇಗೆ ನಡೆಯುತ್ತದೆ ಎಂಬ ಮೊದಲ ಪಾಠ ಅವಳಿಗೆ ಟಿಕೆಟಿಲ್ಲದೆ, ಮನೆಯ ಬಾಗಿಲಲ್ಲೇ ಸಿಕ್ಕಿತು.

ಮರುದಿನದಿಂದ ದಿನಕ್ಕೊಂದೇ ಜಾಗ, ಅದೂ ಬೆಳಗ್ಗೆ. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ಮೂರು ನಾಲ್ಕು ವರ್ಷದವರಿಗೆ ಬಲು ಇಷ್ಟ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮೊದಲ ಗ್ಯಾಲರಿ 1965ರಲ್ಲಿ ತೆರೆದದ್ದು. ಮಹಡಿ ಮಹಡಿ ಹತ್ತಿಸಿ ದಣಿಸುವುದಕ್ಕಿಂತ ಎಂಜಿನ್ ಹಾಲ್ ಮತ್ತು ಅಲುಗಾಡುವ ಡೈನೋಸಾರ್ ತೋರಿಸಿ ಮನೆಗೆ ಮರಳಿದರೂ ನಷ್ಟವಿಲ್ಲ. 1989ರಲ್ಲಿ ಆರಂಭವಾದ ನೆಹರು ತಾರಾಲಯದಲ್ಲಿ ಕನ್ನಡದ ಪ್ರದರ್ಶನಗಳೂ ಇವೆ. ಶಾಲೆಗೆ ಹೋಗುವ ಮಕ್ಕಳಿಗೆ ಅದನ್ನೇ ಆರಿಸಿ. ಕತ್ತಲೆಗೆ ಅಂಜುವ ಪುಟ್ಟ ಮಕ್ಕಳನ್ನು ಒಬ್ಬರು ಹೊರಗೆ ಆಡಿಸಲಿ. 2011ರಲ್ಲಿ ಶುರುವಾದ ಮೆಟ್ರೊ ದೊಡ್ಡವರಿಗೆ ವಾಹನ, ಮಕ್ಕಳಿಗೆ ಅದೇ ಪ್ರೇಕ್ಷಣೀಯ ಸ್ಥಳ. ಜನ ಕಡಿಮೆಯಿರುವ ಮಧ್ಯಾಹ್ನಕ್ಕೆ ಮುಂಚೆ ಹತ್ತಿ, ಎರಡು ನಿಲ್ದಾಣ ಹೋಗಿ ಬಂದರೆ ಸಾಕು. ಮೆಜೆಸ್ಟಿಕ್‌ನಂಥ ಗದ್ದಲದ ಜಾಗಕ್ಕೆ ಹೋಗುವ ಮುನ್ನ ಮಗುವಿನ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ. ಮಕ್ಕಳ ಸಹಾಯವಾಣಿ 1098 ನಿಮಗೂ ನೆನಪಿರಲಿ.

ನಮ್ಮ ಕಾಡಿನ ಸಿಂಗಳೀಕ, ಮೈಸೂರಿನಲ್ಲಿ

1892ರಲ್ಲಿ ಶುರುವಾದ ಮೈಸೂರು ಮೃಗಾಲಯಕ್ಕೆ ಇಡೀ ದಿನ ಮೀಸಲಿಡಬೇಕು. ಒಳಗಿನ ಸುತ್ತು ದೊಡ್ಡದು. ಚಿಕ್ಕವರಿದ್ದರೆ ಬ್ಯಾಟರಿ ಗಾಡಿ ಹತ್ತುವುದೇ ಜಾಣತನ. ಸಾಮಾನ್ಯವಾಗಿ ಅಲ್ಲಿಗೂ ಬನ್ನೇರುಘಟ್ಟಕ್ಕೂ ಮಂಗಳವಾರ ರಜೆ. ಮಂಗಟ್ಟೆ, ನವಿಲು, ಕೆಂದಳಿಲು ನಮ್ಮ ಮಕ್ಕಳಿಗೆ ಹಿತ್ತಿಲಿನ ಪರಿಚಯ. ಜಿರಾಫೆಯ ಮುಂದೆ ಮಾತ್ರ ಬಾಯಿ ಕಟ್ಟಿ ನಿಲ್ಲುತ್ತಾರೆ. ಆದರೆ ಸಿಂಗಳೀಕದ ಮುಂದೆಯೂ ಅವರನ್ನು ನಿಲ್ಲಿಸಬೇಕು. ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡುಗಳಲ್ಲಿ ಈ ಕಪ್ಪು ಮಂಗನ ಉಳಿವಿಗಾಗಿಯೇ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇದು ಇಲ್ಲ. "ಇದು ನಮ್ಮೂರಿನದು" ಎಂದು ಅಲ್ಲಿ ಹೇಳಿ ನೋಡಿ, ಮಗುವಿನ ಮುಖ ಅರಳುತ್ತದೆ.

ಹೋಗಲಾರದವರು

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ಸ್ಲೀಪರ್, ರಾಜಹಂಸಕ್ಕೆ ಇದು ಅನ್ವಯಿಸದಿದ್ದರೂ ಅಮ್ಮ, ಅಜ್ಜಿ, ಮಗಳು ಕೂಡಿ ಹೊರಡುವುದು ಸುಲಭವಾಗಿದೆ. ಆದರೂ ನಗರದಲ್ಲಿ ನೆಂಟರ ಮನೆಯಿಲ್ಲದ ಕುಟುಂಬಗಳು ಇಲ್ಲಿ ಬಹಳ ಇವೆ. ದಿನಗೂಲಿ ಬಿಟ್ಟು ನಾಲ್ಕು ದಿನ ಹೊರಗಿರಲಾಗದ ಕೂಲಿಕಾರರ ಮಕ್ಕಳು, ಯಲ್ಲಾಪುರದ ಕಾಡಂಚಿನ ಸಿದ್ದಿ, ಗೌಳಿ ಮನೆಗಳ ಮಕ್ಕಳಲ್ಲಿ ಅನೇಕರು ಶಾಲೆಯ ಪ್ರವಾಸವನ್ನೇ ನೆಚ್ಚಿಕೊಂಡವರು. ಆ ಪ್ರವಾಸವೂ ಹೆಚ್ಚಾಗಿ ದೊಡ್ಡ ತರಗತಿಯವರಿಗೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ತನ್ನ 31ನೇ ವಿಧಿಯಲ್ಲಿ ಆಟ ಮತ್ತು ವಿರಾಮವನ್ನು ಪ್ರತಿ ಮಗುವಿನ ಹಕ್ಕೆಂದು ಹೇಳಿದೆ. ಭಾರತ ಅದಕ್ಕೆ 1992ರಲ್ಲಿ ಒಪ್ಪಿದೆ. ಊರಿನ ಸೊಸೈಟಿ, ಹಳೆ ವಿದ್ಯಾರ್ಥಿಗಳ ಸಂಘಗಳು ಸೇರಿ ವರ್ಷಕ್ಕೊಮ್ಮೆ ಪುಟ್ಟ ಮಕ್ಕಳನ್ನು ತಾಯಂದಿರೊಂದಿಗೆ ಹುಬ್ಬಳ್ಳಿಗಾದರೂ ಕರೆದೊಯ್ದು ರೈಲು ಹತ್ತಿಸಬಾರದೇಕೆ? ಬಸ್ ನಿಲ್ದಾಣಗಳಲ್ಲಿ ಹಾಲೂಡಿಸಲು ಮರೆಯಿರುವ ಕೋಣೆ, ರಾತ್ರಿಯೂ ಚೊಕ್ಕಟವಾಗಿರುವ ಶೌಚಾಲಯ ಬೇಕೆಂದು ನಾವು ಕೇಳಲೇಬೇಕು.

ಮಕ್ಕಳ ಕಿವಿಗೆ ಬೀಳುವ ಮಾತು

ಪ್ರವಾಸದಲ್ಲಿ ಮಕ್ಕಳು ಕಣ್ಣಿಗಿಂತ ಕಿವಿಯಿಂದ ಹೆಚ್ಚು ಕಲಿಯುತ್ತಾರೆ. "ನಮ್ಮ ಕಡೆ ಏನಿದ್ದು ಮಣ್ಣು?" ಎಂದು ದೊಡ್ಡವರು ಎರಡು ಬಾರಿ ಹೇಳಿದರೆ ಮಗು ಅದನ್ನೇ ನಂಬುತ್ತದೆ. ಊರಿನ ಮನೆಗಳು ಒಂದೊಂದಾಗಿ ಬೀಗ ಕಾಣುತ್ತಿರುವ ಈ ದಿನಗಳಲ್ಲಿ ಆ ಮಾತು ಸಣ್ಣದಲ್ಲ. ಪೇಟೆಯ ಮುಂದೆ ಮಗು ಅಂಜಬಾರದು, ಊರಿನ ಬಗ್ಗೆ ನಾಚಲೂಬಾರದು. ಇದಕ್ಕೆ ನನಗೆ ತೋರುವ ಒಳ್ಳೆಯ ದಾರಿ ಒಂದೇ: ದಸರೆಗೆ ಯಾರ ಮನೆಗೆ ಹೋಗಿರುತ್ತೇವೋ ಆ ಮನೆಯ ಮಕ್ಕಳನ್ನು ಏಪ್ರಿಲ್ ರಜೆಗೆ ಇಲ್ಲಿಗೆ ಕರೆಯುವುದು. ಆಗ ಗದ್ದೆಯ ಹಾಳಿ, ಹಲಸಿನ ಮರ, ಹಳ್ಳದ ಗುಂಡಿ ತೋರಿಸುವ ಸರದಿ ನಮ್ಮ ಮಕ್ಕಳದು. ಬೇಸಗೆಯಲ್ಲಿ ಕಾಡಿಗೆ ಬಿಡುವ ಮುನ್ನ ಉಣುಗು ಹತ್ತದಂತೆ ಮೈತುಂಬ ಬಟ್ಟೆ ಹಾಕಿಸಿ, ಮರಳಿದ ಮೇಲೆ ಸ್ನಾನ ಮಾಡಿಸುವುದನ್ನು ಮರೆಯಬಾರದು. ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಭಯ ಇದ್ದೇ ಇದೆ. ದಸರೆಗೆ ಟಿಕೆಟ್ ಕಾದಿರಿಸುವಾಗಲೇ ಏಪ್ರಿಲ್‌ಗೆ ಬರುವಂತೆ ಆ ಮನೆಗೆ ಹೇಳಿಬಿಡಿ. ಹೋಗಿ ಬರುವುದು ಎರಡೂ ಕಡೆಯಿಂದ ನಡೆದರೆ ಯಾವ ಮಗುವೂ ತನ್ನ ಊರನ್ನು ಕೀಳೆಂದು ಎಣಿಸುವುದಿಲ್ಲ.